ಇನ್ಸ್‌ಬ್ರುಕ್ ಮೇಲಿನ ಬೆಟ್ಟಸಾಲಿಗೆ ಕೇಬಲ್ ಕಾರ್: ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ. ಊರಿಂದ ಅತ್ತೆ, ಮಾವ ಬಂದಿದ್ದಾರೆ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ ರೈಲಿನಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋಗಿ, ಅಲ್ಲಿನ ನೋರ್ಡ್‌ಕೆಟೆ ಬೆಟ್ಟಸಾಲಿಗೆ ಕೇಬಲ್ ಕಾರಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ಆಸೆ. ಮಾವನವರಿಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಅತ್ತೆಗೆ ಮಂಡಿ ನೋವು, ಜೊತೆಗೆ ಎತ್ತರ ಅಂದರೆ ಭಯ. ಮಗನಿಗೆ ಆರು ವರ್ಷ. ತುದಿಯವರೆಗೂ ಹೋಗಬಹುದಾ? ಹತ್ತಿ, ಫೋಟೋ ತೆಗೆದು, ಇಳಿಯುವುದು ಬಿಟ್ಟರೆ ಅಲ್ಲಿ ನೋಡಲು ಏನಾದರೂ ಇದೆಯಾ?

ಉತ್ತರ: ಧಾರಾಳವಾಗಿ ಹೋಗಬಹುದು. ತುದಿಯ ನಿಲ್ದಾಣದವರೆಗೂ ಹೋಗಬಹುದು. ನೋಡಲು ಇರುವುದು ಒಂದು ದಿನಕ್ಕೆ ಜಾಸ್ತಿಯೇ ಆಗುತ್ತದೆ. ಆದರೆ ಬಹಳ ಜನ ಈ ಬೆಟ್ಟವನ್ನು ತಪ್ಪು ಕ್ರಮದಲ್ಲಿ ನೋಡುತ್ತಾರೆ. ಹತ್ತುವಾಗ ಒಂದೊಂದು ನಿಲ್ದಾಣದಲ್ಲೂ ಇಳಿದು ಅಡ್ಡಾಡುತ್ತಾರೆ. ಮೇಲೆ ತಲುಪುವ ಹೊತ್ತಿಗೆ ಮಧ್ಯಾಹ್ನ ಮೂರಾಗಿರುತ್ತದೆ, ಮೋಡ ಕವಿದಿರುತ್ತದೆ, ಕೊನೆಯ ಗಾಡಿಯ ಚಿಂತೆ ಶುರುವಾಗಿರುತ್ತದೆ. ನೀವು ಉಲ್ಟಾ ಮಾಡಿ. ಬೆಳಿಗ್ಗೆ ಎಲ್ಲೂ ನಿಲ್ಲದೆ ಸೀದಾ ತುದಿಗೆ ಹೋಗಿ. ಆಮೇಲೆ ಇಡೀ ದಿನ ನಿಧಾನವಾಗಿ ಇಳಿಯುತ್ತಾ ಬನ್ನಿ. ಹಿರಿಯರಿಗೆ ಸುಸ್ತಾದಷ್ಟೂ ನೀವು ಊರಿಗೆ ಹತ್ತಿರವಾಗಿರುತ್ತೀರಿ.

ಮೊದಲು ಹತ್ತುವ ಹಂತಗಳ ಲೆಕ್ಕ ನೋಡೋಣ. ಇನ್ಸ್‌ಬ್ರುಕ್ ಊರು ಇರುವುದು ಸಮುದ್ರ ಮಟ್ಟದಿಂದ ಸುಮಾರು 574 ಮೀಟರ್ ಎತ್ತರದಲ್ಲಿ. ಹಳೇ ಊರಿನ ಅಂಚಿನಲ್ಲಿರುವ ಕಾಂಗ್ರೆಸ್ ನಿಲ್ದಾಣದಿಂದ ಹಳಿಯ ಮೇಲೆ ಹಗ್ಗದಿಂದ ಎಳೆಯುವ ಪುಟ್ಟ ರೈಲು ಹೊರಡುತ್ತದೆ. ಅದು 860 ಮೀಟರ್ ಎತ್ತರದ ಹುಂಗರ್‌ಬುರ್ಗ್‌ಗೆ ಬಿಡುತ್ತದೆ. ಅಲ್ಲಿಂದ ನಿಜವಾದ ಕೇಬಲ್ ಕಾರ್. ಮೊದಲನೆಯದು 1,905 ಮೀಟರಿನ ಸೀಗ್ರೂಬೆಗೆ. ಅಲ್ಲಿ ಗಾಡಿ ಬದಲಿಸಿದರೆ ಎರಡನೆಯದು 2,256 ಮೀಟರಿನ ಹಾಫೆಲೆಕಾರ್‌ಗೆ. ಕಾಯುವ ಹೊತ್ತು ಬಿಟ್ಟರೆ ಒಟ್ಟು ಪ್ರಯಾಣ ಇಪ್ಪತ್ತು ನಿಮಿಷದ ಆಸುಪಾಸು. ಊರಿನ ಕಾಫಿ ಅಂಗಡಿಯಿಂದ ಎದ್ದು ಅರ್ಧ ಗಂಟೆಯಲ್ಲಿ ಬರೀ ಬಂಡೆ, ಹುಲ್ಲು, ಗಾಳಿ ಇರುವ ಜಾಗದಲ್ಲಿ ನಿಂತಿರುತ್ತೀರಿ. ದೊಡ್ಡ ಊರೊಂದರ ನೆತ್ತಿಯ ಮೇಲೆ ಇಷ್ಟು ಬೇಗ ಇಷ್ಟು ಎತ್ತರಕ್ಕೆ ಒಯ್ಯುವ ವ್ಯವಸ್ಥೆ ಆಲ್ಪ್ಸ್‌ನಲ್ಲೂ ಅಪರೂಪ.

ಬಿಪಿ ವಿಷಯ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಸೀಗ್ರೂಬೆ ಹೆಚ್ಚುಕಮ್ಮಿ ಮುಳ್ಳಯ್ಯನಗಿರಿಯಷ್ಟು ಎತ್ತರ. ಹಾಫೆಲೆಕಾರ್ ಅದಕ್ಕಿಂತ ಮುನ್ನೂರು ಚಿಲ್ಲರೆ ಮೀಟರ್ ಮೇಲೆ. ಊಟಿಯ ದೊಡ್ಡಬೆಟ್ಟ 2,637 ಮೀಟರ್. ಅತ್ತೆ, ಮಾವ ಎಂದಾದರೂ ಊಟಿಗೆ ಹೋಗಿ ದೊಡ್ಡಬೆಟ್ಟ ನೋಡಿದ್ದರೆ, ಇದಕ್ಕಿಂತ ಎತ್ತರದಲ್ಲಿ ಆಗಲೇ ನಿಂತು ಬಂದಿದ್ದಾರೆ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ, ಅದರಲ್ಲೂ ಅಲ್ಲಿ ರಾತ್ರಿ ಉಳಿದವರನ್ನು ಕಾಡುತ್ತದೆ. ಒಂದೆರಡು ಗಂಟೆ ಇದ್ದು ಇಳಿಯುವವರಿಗೆ ಆ ಭಯ ಕಡಿಮೆ. ಆದರೆ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಭಾಗದಷ್ಟೇ ಇರುತ್ತದೆ. ಹಾಗಾಗಿ ಸ್ವಲ್ಪ ಏರು ನಡೆದರೂ ಏದುಸಿರು ಬರುತ್ತದೆ, ಅದು ಸಹಜ. ಬಿಪಿ ಹತೋಟಿಯಲ್ಲಿದ್ದು, ಬೆಳಗಿನ ಮಾತ್ರೆ ತಪ್ಪಿಸದಿದ್ದರೆ ಸಾಕು. ಇತ್ತೀಚೆಗೆ ಹೃದಯದ ತೊಂದರೆಯೋ ಪಾರ್ಶ್ವವಾಯುವೋ ಆಗಿದ್ದರೆ ಮಾತ್ರ ಅವರ ಡಾಕ್ಟರನ್ನು ಕೇಳದೆ ಹೊರಡಬೇಡಿ. ಕಿವಿ ಗುಂಯ್ ಅನ್ನುತ್ತದೆ. ಮಗನ ಬಾಯಿಗೊಂದು ಪೆಪ್ಪರ್‌ಮಿಂಟ್ ಹಾಕಿ, ಉಗುಳು ನುಂಗುತ್ತಿದ್ದರೆ ಸರಿಹೋಗುತ್ತದೆ. ಅವನಿಗೆ ನೆಗಡಿಯಾಗಿ ಕಿವಿ ನೋಯುತ್ತಿದ್ದರೆ ಪ್ರವಾಸವನ್ನೇ ಮುಂದಕ್ಕೆ ಹಾಕುವುದು ಒಳ್ಳೆಯದು.

ಈಗ ಗಾಳಿ. ಈ ಊರಿನಲ್ಲಿ ಕೇಬಲ್ ಕಾರ್ ಓಡುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಮಳೆಗಿಂತ ಹೆಚ್ಚಾಗಿ ಗಾಳಿ. ಇನ್ಸ್‌ಬ್ರುಕ್‌ನ ದಕ್ಷಿಣಕ್ಕೆ ವಿಪ್ ಕಣಿವೆ ಇದೆ. ಆ ಕಣಿವೆಯ ತಲೆಯಲ್ಲಿ ಇಟಲಿಯ ಗಡಿ, ಬ್ರೆನ್ನರ್ ಘಾಟಿ. ಆಲ್ಪ್ಸ್ ಸಾಲಿನಲ್ಲಿ ಅದೊಂದು ತಗ್ಗು. ಇಟಲಿಯ ಕಡೆಯಿಂದ ಗಾಳಿ ನುಗ್ಗಿದಾಗ ಆ ತಗ್ಗಿನಲ್ಲೇ ತೂರಿ, ಕಣಿವೆಗುಂಟ ಇಳಿದು, ನೇರವಾಗಿ ಇನ್ಸ್‌ಬ್ರುಕ್ ಮೇಲೆ ಬೀಳುತ್ತದೆ. ಇಳಿಯುವ ಗಾಳಿ ಒತ್ತಡ ಏರಿದ ಹಾಗೆ ಬಿಸಿಯಾಗುತ್ತದೆ, ಒಣಗುತ್ತದೆ. ಇದನ್ನು ಅಲ್ಲಿಯವರು ಫ್ಯೋನ್ ಅನ್ನುತ್ತಾರೆ. ವಸಂತದಲ್ಲಿ, ಮತ್ತೆ ನೀವು ಹೋಗುತ್ತಿರುವ ಶರತ್ಕಾಲದಲ್ಲಿ ಅದರ ಕಾಟ ಜಾಸ್ತಿ. ತಲೆನೋವು ಬಂದರೂ, ಮನೆಯಲ್ಲಿ ಜಗಳವಾದರೂ ಊರಿನ ಜನ ಫ್ಯೋನ್ ಮೇಲೇ ಹೊರೆ ಹಾಕುತ್ತಾರೆ.

ಇದರಲ್ಲಿ ಹೊರಗಿನವರು ಮೋಸ ಹೋಗುವ ವಿಷಯ ಒಂದಿದೆ. ಫ್ಯೋನ್ ಬೀಸುವ ದಿನ ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛ. ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಸೆಪ್ಟೆಂಬರಿನಲ್ಲೂ ಊರಲ್ಲಿ ಸ್ವೆಟರ್ ಬೇಡ ಅನ್ನಿಸುತ್ತದೆ. ಇವತ್ತಿನಂಥ ದಿನ ಮತ್ತೆ ಸಿಗಲ್ಲ ಅಂತ ನಿಲ್ದಾಣಕ್ಕೆ ಓಡಿದರೆ ಮೇಲಿನ ಗಾಡಿಗಳು ಬಂದ್. ಶಿಖರದ ಏಣಿನಲ್ಲಿ, ಅಂದರೆ ಬೆಟ್ಟಸಾಲಿನ ನೆತ್ತಿಯ ಅಂಚಿನಲ್ಲಿ, ಗಾಳಿ ಗಂಟೆಗೆ ನೂರು ಕಿಲೋಮೀಟರ್ ದಾಟುವುದು ಅಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಆಕಾಶದಲ್ಲಿ ಮೀನಿನ ಆಕಾರದ, ಅಂಚು ನಯವಾದ, ನಿಂತಲ್ಲೇ ನಿಂತಿರುವ ಮೋಡಗಳು ಕಂಡರೆ ಫ್ಯೋನ್ ಬಂದಿದೆ ಅಂತ ತಿಳಿಯಿರಿ. ಇದಕ್ಕೆ ಉಲ್ಟಾ ಇನ್ನೊಂದು ಇದೆ. ಸೆಪ್ಟೆಂಬರ್ ಕೊನೆಯಿಂದ ಎಷ್ಟೋ ಬೆಳಿಗ್ಗೆ ಕಣಿವೆಯ ತುಂಬ ಮಂಜು ತುಂಬಿರುತ್ತದೆ, ರೈಲಿಳಿದವರಿಗೆ ಬೆಟ್ಟವೇ ಕಾಣುವುದಿಲ್ಲ. ಛೇ, ಬಂದಿದ್ದು ವ್ಯರ್ಥವಾಯ್ತು ಅನ್ನಿಸುತ್ತದೆ. ಮೇಲೆ ಹೋದರೆ ಪೂರ್ತಿ ಬಿಸಿಲು, ಕೆಳಗೆ ಬಿಳೀ ಸಮುದ್ರ. ಹಾಗಾಗಿ ಆಕಾಶ ನೋಡಿ ನಿರ್ಧರಿಸಬೇಡಿ. ಬೆಳಿಗ್ಗೆ ಮ್ಯೂನಿಕ್ ಬಿಡುವ ಮೊದಲೇ ಕೇಬಲ್ ಕಾರ್ ಕಂಪನಿಯ ಪುಟದಲ್ಲಿ ಮೇಲಿನ ಕ್ಯಾಮೆರಾ ದೃಶ್ಯ, ಯಾವ ಗಾಡಿ ಓಡುತ್ತಿದೆ ಅನ್ನುವ ಮಾಹಿತಿ ಎರಡನ್ನೂ ನೋಡಿ. ಇನ್ನೊಂದು ಮಾತು. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ನವೆಂಬರ್ ಹೊತ್ತಿಗೆ, ರಿಪೇರಿ ಮತ್ತು ತಪಾಸಣೆಗೆ ಮೇಲಿನ ಗಾಡಿಗಳನ್ನು ಕೆಲವು ದಿನ ನಿಲ್ಲಿಸುತ್ತಾರೆ. ನಿಮ್ಮ ಪ್ರವಾಸ ಅಕ್ಟೋಬರ್ ಕೊನೆಗೆ ಜಾರಿದರೆ ಅದನ್ನೂ ನೋಡಿಕೊಳ್ಳಿ.

ಅತ್ತೆಯವರ ಭಯಕ್ಕೆ ಬರೋಣ. ಹೆದರಬೇಡಿ ಅಂತ ಸುಮ್ನೆ ಹೇಳಿದರೆ ಯಾರ ಭಯವೂ ಹೋಗುವುದಿಲ್ಲ. ಅದು ಹೇಗೆ ನಿಂತಿದೆ ಅಂತ ತಿಳಿಸಿದರೆ ಸ್ವಲ್ಪ ಧೈರ್ಯ ಬರುತ್ತದೆ. ಇಲ್ಲಿ ಎರಡು ಬಗೆಯ ಉಕ್ಕಿನ ಹಗ್ಗಗಳಿವೆ. ದಪ್ಪನೆಯ ಹಗ್ಗ ಚಲಿಸುವುದೇ ಇಲ್ಲ, ಅದು ಹಳಿಯಂತೆ. ಪೆಟ್ಟಿಗೆಯ ಮೇಲಿನ ಚಕ್ರಗಳು ಅದರ ಮೇಲೆ ಉರುಳುತ್ತವೆ. ಇನ್ನೊಂದು ಹಗ್ಗ ಪೆಟ್ಟಿಗೆಯನ್ನು ಎಳೆಯುತ್ತದೆ. ಸೀಗ್ರೂಬೆಗೆ ಹೋಗುವ ಗಾಡಿಯಲ್ಲಿ ಒಂದು ಪೆಟ್ಟಿಗೆ ಮೇಲಿದ್ದಾಗ ಇನ್ನೊಂದು ಕೆಳಗೆ. ರಾಟೆಯ ಎರಡು ತುದಿಗೆ ಎರಡು ಕೊಡ ಕಟ್ಟಿದ ಬಾವಿಯಲ್ಲಿ ಒಂದು ಇಳಿದರೆ ಇನ್ನೊಂದು ಏರುತ್ತದಲ್ಲ, ಹಾಗೆ. ಇಳಿಯುವ ಪೆಟ್ಟಿಗೆಯ ಭಾರವೇ ಏರುವುದಕ್ಕೆ ಸಹಾಯ ಮಾಡುತ್ತದೆ, ಮೋಟಾರಿಗೆ ವ್ಯತ್ಯಾಸದಷ್ಟೇ ಕೆಲಸ. ಪೆಟ್ಟಿಗೆಯ ಭಾರ ಹೊರುವುದು ಆ ದಪ್ಪ ಹಗ್ಗ.

ನಡುವೆ ಕಂಬ ದಾಟುವಾಗ ಪೆಟ್ಟಿಗೆ ಒಮ್ಮೆ ಜೋಕಾಲಿಯಾಡುತ್ತದೆ. ಆಗಲೇ ಎಲ್ಲರೂ ಒಟ್ಟಿಗೆ ಹೋ ಅನ್ನುವುದು. ಇದನ್ನು ಅತ್ತೆಯವರಿಗೆ ಮೊದಲೇ ಹೇಳಿಡಿ. ಗೊತ್ತಿದ್ದು ಅಲುಗಾಡಿದರೆ ಅಷ್ಟು ಗಾಬರಿಯಾಗುವುದಿಲ್ಲ. ಪೆಟ್ಟಿಗೆಯಲ್ಲಿ ಹೆಚ್ಚಿನವರು ನಿಂತೇ ಹೋಗಬೇಕು. ಅವರನ್ನು ಗಾಜಿನ ಹತ್ತಿರ ನಿಲ್ಲಿಸಬೇಡಿ. ನಡುವೆ, ಹಿಡಿದುಕೊಳ್ಳಲು ಕಂಬಿ ಇರುವ ಕಡೆ, ಬೆಟ್ಟದ ಕಡೆ ಮುಖ ಮಾಡಿ ನಿಲ್ಲಿಸಿ. ಮಗನನ್ನು ಊರು ಕಾಣುವ ಗಾಜಿಗೆ ಬಿಡಿ. ಹುಂಗರ್‌ಬುರ್ಗ್‌ನಿಂದ ಹೊರಟಾಗ ಮೊದಲು ಕೆಳಗೆ ಕಾಡು ಸಿಗುತ್ತದೆ. ಮರಗಳು ಗಿಡ್ಡವಾಗುತ್ತಾ ಹೋಗಿ, ಆಮೇಲೆ ಕುರುಚಲು, ಆಮೇಲೆ ಬಿಳೀ ಸುಣ್ಣಕಲ್ಲು.

ಹಾಫೆಲೆಕಾರ್ ನಿಲ್ದಾಣದಿಂದ ಶಿಖರ, ಅಂದರೆ 2,334 ಮೀಟರಿನ ತುದಿ, ಇನ್ನೊಂದು ಹತ್ತು ಹದಿನೈದು ನಿಮಿಷದ ಏರು. ಜಲ್ಲಿಕಲ್ಲಿನ ದಾರಿ. ಮಾವನವರು, ನೀವು, ಮಗು ನಿಧಾನವಾಗಿ ಹತ್ತಬಹುದು. ಅತ್ತೆಯವರಿಗೆ ಬೇಡ. ಹತ್ತಿಬಿಡುತ್ತಾರೆ, ಇಳಿಯುವಾಗ ಮಂಡಿ ಕೈಕೊಡುತ್ತದೆ. ನಿಲ್ದಾಣದ ಹತ್ತಿರವೇ ನಿಂತರೂ ಅವರಿಗೆ ಕಾಣಬೇಕಾದ್ದೆಲ್ಲ ಕಾಣುತ್ತದೆ. ದಕ್ಷಿಣಕ್ಕೆ ಕಾಲಬುಡದಲ್ಲಿ ಊರು, ನಡುವೆ ಇನ್ ನದಿ, ಎದುರಿಗೆ ಗುಂಡನೆಯ ಪಾಚರ್‌ಕೋಫೆಲ್ ಬೆಟ್ಟ, ಅದರ ಬಲಕ್ಕೆ ಬ್ರೆನ್ನರ್ ಕಡೆಗೆ ಬಾಯಿ ತೆರೆದ ಕಣಿವೆ, ಚೂಪಾದ ಸೆರ್ಲೆಸ್ ಶಿಖರ, ಹಿಂದೆ ಸ್ಟುಬಾಯ್ ಹಿಮಶಿಖರಗಳು. 1964 ಮತ್ತು 1976ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇಲ್ಲೇ. ಎದುರಿನ ಗುಡ್ಡದ ಮೇಲೆ ಬೆರ್ಗಿಸೆಲ್ ಸ್ಕೀ ಜಿಗಿತದ ಗೋಪುರ ಕಾಣುತ್ತದೆ.

ಉತ್ತರಕ್ಕೆ ತಿರುಗಿದರೆ ಬೇರೆಯೇ ಲೋಕ. ಊರಿಲ್ಲ, ರಸ್ತೆಯಿಲ್ಲ, ಸಾಲು ಸಾಲು ಬೂದು ಬಂಡೆ. ಅದು ಕಾರ್ವೆಂಡೆಲ್, ಆಸ್ಟ್ರಿಯಾದ ಅತಿ ದೊಡ್ಡ ನೈಸರ್ಗಿಕ ಉದ್ಯಾನ. ನೋರ್ಡ್‌ಕೆಟೆ ಅದರ ದಕ್ಷಿಣದ ಅಂಚಿನ ಸಾಲು. ಹೆಚ್ಚಿನವರು ಊರಿನ ಕಡೆಯ ಫೋಟೋ ತೆಗೆದು ಇಳಿದುಬಿಡುತ್ತಾರೆ. ನನ್ನ ಕೇಳಿದರೆ ಟಿಕೆಟ್ಟಿನ ದುಡ್ಡು ಹುಟ್ಟುವುದು ಉತ್ತರದ ಈ ನೋಟದಲ್ಲೇ. ಇಲ್ಲಿ ನಿಮಗೇ ಸಂಬಂಧಪಟ್ಟ ಒಂದು ವಿಷಯವೂ ಇದೆ. ನೀವು ನಿಂತ ಏಣು ಜಲವಿಭಜಕ. ದಕ್ಷಿಣದ ಇಳಿಜಾರಿನ ಮಳೆ ಇನ್ ನದಿಗೆ ಹರಿಯುತ್ತದೆ. ಉತ್ತರದ ಇಳಿಜಾರಿನ ನೀರು ಗ್ಲೈರ್ಶ್ ಹಳ್ಳ ಸೇರಿ ಇಸಾರ್ ನದಿಗೆ ಹೋಗುತ್ತದೆ. ಹೌದು, ನಿಮ್ಮ ಮ್ಯೂನಿಕ್‌ನ ನಡುವೆ ಹರಿಯುವ ಇಸಾರ್. ಅದು ಹುಟ್ಟುವುದು ಈ ಕಾರ್ವೆಂಡೆಲ್‌ನಲ್ಲೇ. ನಮ್ಮ ಬಿಸಿಲೆ ಘಾಟಿಯ ಏಣಿನಲ್ಲಿ ಬೇರೆಯಾದ ನೀರು ಒಂದು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬಂಗಾಳ ಕೊಲ್ಲಿಗೆ ಹೋಗಿಬಿಡುತ್ತದೆ. ಇಲ್ಲಿ ಹಾಗಲ್ಲ. ಇಸಾರ್ ಡೆಗೆನ್‌ಡಾರ್ಫ್ ಹತ್ತಿರ, ಇನ್ ಪಾಸಾವ್‌ನಲ್ಲಿ, ಎರಡೂ ಡ್ಯಾನ್ಯೂಬ್ ಸೇರುತ್ತವೆ.

ಮಾವನವರಿಗೆ ಇಲ್ಲಿ ಒಂದು ವಿಶೇಷ ಇದೆ. ಅವರನ್ನು ಹಾಫೆಲೆಕಾರ್‌ಗೆ ಕರೆದುಕೊಂಡು ಹೋಗದೆ ಸೀಗ್ರೂಬೆಯಿಂದಲೇ ವಾಪಸ್ ತಂದರೆ ಅನ್ಯಾಯ. ನಿಲ್ದಾಣದ ಹತ್ತಿರದಲ್ಲೇ ಒಂದು ಸಣ್ಣ ಪ್ರಯೋಗಶಾಲೆ ಇದೆ. ವಿಕ್ಟರ್ ಹೆಸ್ 1931ರಲ್ಲಿ ಶುರುಮಾಡಿದ್ದು. ಕಾಸ್ಮಿಕ್ ಕಿರಣಗಳನ್ನು ಕಂಡುಹಿಡಿದವರು ಇದೇ ಹೆಸ್. 1912ರಲ್ಲಿ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೆ ಹೋಗಿ ವಿಕಿರಣ ಅಳೆದರು. ಅದು ನೆಲದಿಂದ ಬರುವುದಾಗಿದ್ದರೆ ಮೇಲೆ ಹೋದಂತೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಒಂದು ಎತ್ತರ ದಾಟಿದ ಮೇಲೆ ಜಾಸ್ತಿಯೇ ಆಯಿತು. ಅಂದರೆ ಅದು ಆಕಾಶದ ಆಚೆಯಿಂದ ಬರುತ್ತಿದೆ ಅಂತ ತಿಳಿಯಿತು.

ಬಲೂನಿನಲ್ಲಿ ಕೆಲವು ಗಂಟೆ ಮಾತ್ರ ಇರಬಹುದು. ತಿಂಗಳುಗಟ್ಟಲೆ ಅಳೆಯಬೇಕಾದರೆ ಎತ್ತರದಲ್ಲಿ ನೆಲೆ ಬೇಕು, ಭಾರದ ಉಪಕರಣ ಸಾಗಿಸಬೇಕು. 1928ರಲ್ಲಿ ಕೇಬಲ್ ಕಾರ್ ಶುರುವಾಗಿತ್ತು. 1931ರಲ್ಲಿ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದ ಹೆಸ್‌ಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಪ್ರವಾಸಿಗಳಿಗಾಗಿ ಕಟ್ಟಿದ ಗಾಡಿ ವಿಜ್ಞಾನಕ್ಕೂ ಒದಗಿತು. 1936ರಲ್ಲಿ ಹೆಸ್‌ಗೆ ಭೌತಶಾಸ್ತ್ರದ ನೊಬೆಲ್ ಬಂತು. ಮರುವರ್ಷ ಮಾರಿಯೆಟಾ ಬ್ಲಾವ್ ಮತ್ತು ಹೆರ್ಟಾ ವಾಂಬಾಖರ್ ಅನ್ನುವ ಇಬ್ಬರು ಮಹಿಳೆಯರ ಕೆಲಸ ಹೊರಬಂತು. ಫೋಟೋ ಪ್ಲೇಟುಗಳನ್ನು ಇದೇ ಹಾಫೆಲೆಕಾರ್‌ನಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದರು. ಕಾಸ್ಮಿಕ್ ಕಣ ಬಡಿದು ಪರಮಾಣುವಿನ ಬೀಜ ಚೂರಾದ ಗುರುತು, ನಕ್ಷತ್ರದ ಆಕಾರದಲ್ಲಿ, ಆ ಪ್ಲೇಟಿನ ಮೇಲೆ ಮೂಡಿತ್ತು. 1938ರಲ್ಲಿ ನಾಜಿಗಳು ಆಸ್ಟ್ರಿಯಾ ಹಿಡಿದರು. ಹೆಸ್, ಬ್ಲಾವ್ ಇಬ್ಬರೂ ದೇಶ ಬಿಡಬೇಕಾಯಿತು.

ಮೇಷ್ಟ್ರಿಗೆ ಇದನ್ನು ಹೇಳುವಾಗ ಕೆಜಿಎಫ್ ಕಥೆಯನ್ನೂ ಸೇರಿಸಿ ಹೇಳಿ. ಅವರಿಗೆ ಗೊತ್ತೇ ಇರಬಹುದು. ಇಲ್ಲಿಯವರು ಕಾಸ್ಮಿಕ್ ಕಿರಣ ಹುಡುಕಿ ಬೆಟ್ಟ ಹತ್ತಿದರೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಯ ಆಳಕ್ಕೆ ಇಳಿದರು. ಮೇಲಿನ ಬಂಡೆ ಬೇರೆ ಕಣಗಳನ್ನೆಲ್ಲ ತಡೆಯುತ್ತದೆ, ನ್ಯೂಟ್ರಿನೋ ಮಾತ್ರ ತೂರಿ ಬರುತ್ತದೆ ಅನ್ನುವ ಲೆಕ್ಕ. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ಆ ಗಣಿಯಲ್ಲಿ ಸಿಕ್ಕಿತು. ಹಾಫೆಲೆಕಾರ್‌ನ ಪ್ರಯೋಗಶಾಲೆ ಹೊರಗಿನಿಂದ ನೋಡಿದರೆ ಏನೂ ಅಲ್ಲ. ಹೇಳುವವರಿಲ್ಲದೆ ಹೋದರೆ ಯಾರೂ ತಿರುಗಿಯೂ ನೋಡುವುದಿಲ್ಲ.

ಮೇಲೆ ಒಂದು, ಒಂದೂವರೆ ಗಂಟೆ ಸಾಕು. ಹನ್ನೆರಡೂವರೆಗೆ ಸೀಗ್ರೂಬೆಗೆ ಇಳಿಯಿರಿ. ನನಗೆ ಇಡೀ ಬೆಟ್ಟದಲ್ಲಿ ಜಾಸ್ತಿ ಹೊತ್ತು ಕೂರಬೇಕು ಅನ್ನಿಸುವ ಜಾಗ ಇದು. ಬಿಸಿಲಿಗೆ ಮುಖ ಮಾಡಿದ ದೊಡ್ಡ ಜಗಲಿ, ಊಟದ ವ್ಯವಸ್ಥೆ, ಹಿಂದೆ ಗೋಡೆಯಂತೆ ಬೆಟ್ಟ. ಅತ್ತೆಯವರು ಕುರ್ಚಿ ಹಾಕಿಕೊಂಡು ಕೂತರೆ ಏಳುವುದಿಲ್ಲ. ಮಗನಿಗೆ ಇಲ್ಲಿಂದ ವಿಮಾನ ತೋರಿಸಿ. ಇನ್ಸ್‌ಬ್ರುಕ್ ವಿಮಾನ ನಿಲ್ದಾಣ ಕಣಿವೆಯ ತಳದಲ್ಲಿದೆ, ಇಳಿಯುವ ವಿಮಾನವನ್ನು ನಾವು ಮೇಲಿನಿಂದ ಬಗ್ಗಿ ನೋಡಬೇಕು. ಎರಡೂ ಕಡೆ ಬೆಟ್ಟ, ಮೇಲೆ ಫ್ಯೋನ್. ಇಲ್ಲಿ ವಿಮಾನ ಇಳಿಸಲು ಪೈಲಟ್‌ಗಳಿಗೆ ವಿಶೇಷ ತರಬೇತಿ ಬೇಕು.

ನಡೆಯುವ ಆಸೆ ಇದ್ದರೆ ಸೀಗ್ರೂಬೆಯಿಂದ ಒಂದು ಸುತ್ತುದಾರಿ ಇದೆ. ನಾರ್ವೆಯ ಸ್ನೊಹೆಟಾ ವಾಸ್ತುಶಿಲ್ಪ ಸಂಸ್ಥೆ ರೂಪಿಸಿದ್ದು, ದಾರಿಯುದ್ದಕ್ಕೂ ನಿಂತು ನೋಡಲು ಕಟ್ಟೆ, ಬೆಂಚು, ಮುಂಚಾಚಿದ ಅಟ್ಟಣಿಗೆ, ಅಲ್ಲಲ್ಲಿ ತತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಮಾತುಗಳು. ಮಾತು ಅರ್ಥವಾಗದಿದ್ದರೂ ಬೆಂಚು ಚೆನ್ನಾಗಿವೆ. ಗಟ್ಟಿ ಕಾಲಿನವರಿಗೆ ಹಾಫೆಲೆಕಾರ್‌ನಿಂದ ಪೂರ್ವಕ್ಕೆ ಗಯಟೆ ಹಾದಿ ಇದೆ, ಏಣಿನ ಗುಂಟ ಫೈಸ್ ಛತ್ರದವರೆಗೆ. ಆದರೆ ಹೋಗಿ ಬರಲು ಅರ್ಧ ದಿನ ಬೇಕು. ಈ ಸಲ ಬಿಡಿ, ಬೇಕಾದರೆ ನೀವಿಬ್ಬರೇ ಇನ್ನೊಮ್ಮೆ ಬನ್ನಿ. ಸೀಗ್ರೂಬೆಯಿಂದ ಹುಂಗರ್‌ಬುರ್ಗ್‌ಗೆ ನಡೆದು ಇಳಿಯೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಾವಿರ ಮೀಟರ್ ಇಳಿಜಾರು. ಮಂಡಿ ನೋವಿಲ್ಲದವರಿಗೂ ಮರುದಿನ ಮೆಟ್ಟಿಲು ಇಳಿಯುವುದು ಕಷ್ಟ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಸ್ಯಾಹಾರಿಗಳಾದರೆ ಇನ್ಸ್‌ಬ್ರುಕ್ ಇರುವ ಈ ಟಿರೋಲ್ ಪ್ರಾಂತ್ಯದಲ್ಲಿ ಎರಡು ಕಡೆ ಎಡವುತ್ತೀರಿ. ಚೀಸ್ ಉಂಡೆ ತೇಲುವ ಸೂಪಿನಲ್ಲಿ ಉಂಡೆಗೆ ಮಾಂಸ ಇಲ್ಲದಿದ್ದರೂ ಸೂಪಿನ ತಿಳಿ ಸಾಮಾನ್ಯವಾಗಿ ದನದ ಮೂಳೆಯದ್ದು. ಚೀಸ್ ಹಾಕಿದ ಸ್ಪೆಟ್ಸ್‌ಲೆ, ಅಂದರೆ ಗಿಡ್ಡ ನೂಡಲ್ಸ್‌ನಂಥದ್ದು, ಮಾಂಸವಿಲ್ಲದ್ದು, ರುಚಿಯೂ ಹೌದು, ಆದರೆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಸಿಹಿಯಾದ ಕೈಸರ್‌ಶ್ಮಾರ್ನ್‌ನಲ್ಲೂ ಮೊಟ್ಟೆ. ಅತ್ತೆ, ಮಾವ ಮೊಟ್ಟೆ ತಿನ್ನದವರಾದರೆ ಆಲೂಗಡ್ಡೆ ಫ್ರೈಸ್, ಸಲಾಡ್ ಬಿಟ್ಟು ಗ್ಯಾರಂಟಿ ಕೊಡುವಂಥದ್ದು ಕಡಿಮೆ. ಮನೆಯಿಂದ ಚಪಾತಿ ರೋಲೋ ಪುಳಿಯೋಗರೆಯೋ ಕಟ್ಟಿಕೊಂಡು ಹೋಗಿ. ರೆಸ್ಟೋರೆಂಟಿನ ಮೇಜಿನ ಮೇಲೆ ಬಿಚ್ಚಬೇಡಿ ಅಷ್ಟೆ. ಹೊರಗೆ ಬೆಂಚು ಬೇಕಾದಷ್ಟಿವೆ. ಕಪ್ಪು ಮೈ, ಹಳದಿ ಕೊಕ್ಕಿನ ಆಲ್ಪೈನ್ ಕಾಗೆಗಳು ಸುತ್ತ ಬಂದು ಕೂರುತ್ತವೆ, ಕೈಯಲ್ಲಿದ್ದದ್ದನ್ನು ಕಸಿಯುವಷ್ಟು ಧೈರ್ಯದವು.

ಬಟ್ಟೆಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ. ಊರಲ್ಲಿ 18 ಡಿಗ್ರಿ ಇದ್ದರೆ ಹಾಫೆಲೆಕಾರ್‌ನಲ್ಲಿ 7ರ ಆಸುಪಾಸು, ಗಾಳಿ ಬೀಸಿದರೆ ಇನ್ನೂ ಕಡಿಮೆ ಅನ್ನಿಸುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಹಿಮ ಬಿದ್ದರೂ ಆಶ್ಚರ್ಯವಿಲ್ಲ. ಕಿವಿ ಮುಚ್ಚುವ ಟೋಪಿ, ಗಾಳಿ ತಡೆಯುವ ಜಾಕೆಟ್, ಹಿಡಿತ ಇರುವ ಶೂ ಎಲ್ಲರಿಗೂ ಬೇಕು. ಅತ್ತೆಯವರು ಸೀರೆಯೇ ಉಡುತ್ತೇನೆ ಅಂದರೆ ಒಳಗೆ ಥರ್ಮಲ್ ಹಾಕಿಸಿ. ಆದರೆ ಆ ಏಣಿನ ಗಾಳಿಯಲ್ಲಿ ಸೆರಗು ಹಿಡಿಯುವುದೇ ಒಂದು ಕೆಲಸವಾಗುತ್ತದೆ, ಆ ದಿನದ ಮಟ್ಟಿಗೆ ಚೂಡಿದಾರ್ ವಾಸಿ. ತಂಪು ಕನ್ನಡಕವನ್ನು ಮರೆಯಬೇಡಿ, ಬಿಳೀ ಬಂಡೆ ಕಣ್ಣಿಗೆ ಹೊಡೆಯುತ್ತದೆ.

ಎರಡೂವರೆ ಹೊತ್ತಿಗೆ ಹುಂಗರ್‌ಬುರ್ಗ್‌ಗೆ ಬಂದುಬಿಡಿ. ಇಲ್ಲಿ ಎರಡು ಕಾಲದ ಕಟ್ಟಡಗಳು ಎದುರುಬದುರು ನಿಂತಿವೆ. ಮೇಲಿನ ಮೂರು ಕೇಬಲ್ ಕಾರ್ ನಿಲ್ದಾಣಗಳು ಟಿರೋಲ್‌ನ ವಾಸ್ತುಶಿಲ್ಪಿ ಫ್ರಾಂಜ್ ಬೌಮನ್ 1920ರ ದಶಕದಲ್ಲಿ ಕಟ್ಟಿದವು. ಸರಳ ಗೋಡೆ, ಬೆಟ್ಟದ ಇಳಿಜಾರಿಗೆ ಹೊಂದುವ ಮಾಡು. ಗಾಡಿಗಳು ಹೊಸದಾದರೂ ಕಟ್ಟಡಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ಊರಿಂದ ಬರುವ ರೈಲಿನ ನಿಲ್ದಾಣ ವಾಸ್ತುಶಿಲ್ಪಿ ಜಾಹಾ ಹದೀದ್ ವಿನ್ಯಾಸ, 2007ರದ್ದು. ಕರಗಿ ಹರಿಯುತ್ತಿರುವ ಹಿಮದಂಥ ಗಾಜಿನ ಮಾಡು. ಮೇಲಿಂದ ನೋಡಿದ ಬೆರ್ಗಿಸೆಲ್ ಗೋಪುರವೂ ಅವರದ್ದೇ. ಮೊದಲ ಹುಂಗರ್‌ಬುರ್ಗ್ ರೈಲು ಓಡಿದ್ದು 1906ರಲ್ಲಿ, ಬೇರೆ ದಾರಿಯಲ್ಲಿ. ಈಗಿನದು ಊರಿನ ನಡುವಿಂದ ನೆಲದಡಿ ಹೊರಟು, ಇನ್ ನದಿ ದಾಟಿ, ಕಡಿದಾದ ಗುಡ್ಡ ಏರುತ್ತದೆ. ಇಳಿಜಾರು ಬದಲಾದಂತೆ ಡಬ್ಬಿಗಳು ತಾವೇ ಓರೆಯಾಗಿ ನೆಲವನ್ನು ಸಮ ಇಡುತ್ತವೆ. ಒಳಗೆ ಮೆಟ್ಟಿಲಿಲ್ಲ, ಮಂಡಿಗೆ ಆರಾಮ.

ಮಾವನವರಿಗೆ ಇನ್ನೂ ಉತ್ಸಾಹ ಉಳಿದಿದ್ದರೆ ಊರಿನ ಹಳೇ ಮನೆಗಳ ಬಾಗಿಲ ಚೌಕಟ್ಟಿನ ಕಲ್ಲು ನೋಡಲು ಹೇಳಿ. ಜಲ್ಲಿಯನ್ನು ಸಿಮೆಂಟಿನಲ್ಲಿ ಕಲಸಿದ ಹಾಗೆ ಕಾಣುತ್ತದೆ. ಅದು ಇದೇ ಬೆಟ್ಟದ ಹೋಟಿಂಗ್ ಕಲ್ಲು. ಹಿಂದೆ ಬೆಟ್ಟದಿಂದ ಉದುರಿದ ಚೂರುಗಳು ಸುಣ್ಣದಿಂದ ಅಂಟಿಕೊಂಡು ಬಂಡೆಯಾದವು. ಅದರ ಕೆಳಗೂ ಮೇಲೂ ಹಿಮನದಿ ತಂದು ಹಾಕಿದ ಮಣ್ಣು, ನಡುವಿನ ಈ ಬಂಡೆಯಲ್ಲಿ ಬೆಚ್ಚಗಿನ ಹವೆಯ ಗಿಡಗಳ ಎಲೆಯಚ್ಚು. ಹಿಮಯುಗ ಒಂದೇ ಸಲ ಬಂದು ಹೋದದ್ದಲ್ಲ ಅಂತ ವಾದಿಸಿದವರಿಗೆ ಇದು ದೊಡ್ಡ ಸಾಕ್ಷಿಯಾಯಿತು. ಬೆಟ್ಟ ಇನ್ನೊಂದನ್ನೂ ಕೊಡುತ್ತದೆ. ಒಣಗಿದಂತೆ ಕಾಣುವ ಆ ಸುಣ್ಣಕಲ್ಲು ಮಳೆ, ಹಿಮದ ನೀರನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಊರಿನ ಬಹುಪಾಲು ಕುಡಿಯುವ ನೀರು ಬೆಟ್ಟದ ಬುಡದ ಮ್ಯೂಲಾವ್ ಊಟೆಗಳಿಂದ ಬರುತ್ತದೆ. ಬಾಟಲಿ ನೀರಿಗೆ ದುಡ್ಡು ಹಾಕಬೇಡಿ, ನಲ್ಲಿಯಲ್ಲೇ ತುಂಬಿಸಿಕೊಳ್ಳಿ.

ಇಳಿಯುವಾಗ ಮಧ್ಯದಲ್ಲಿ ಆಲ್ಪೆನ್‌ಜೂ ನಿಲ್ದಾಣ ಬರುತ್ತದೆ. 1962ರಿಂದ ಇರುವ ಈ ಮೃಗಾಲಯದಲ್ಲಿ ಆಲ್ಪ್ಸ್‌ನ ಪ್ರಾಣಿಗಳು ಮಾತ್ರ. ಐಬೆಕ್ಸ್ ಕಾಡುಮೇಕೆ, ಲಿಂಕ್ಸ್, ತೋಳ, ಕರಡಿ, ನೀರುನಾಯಿ, ಗಡ್ಡದ ರಣಹದ್ದು. ಆರು ವರ್ಷದ ಹುಡುಗನಿಗೆ ಬೆಟ್ಟಕ್ಕಿಂತ ಇದೇ ನೆನಪಲ್ಲಿ ಉಳಿಯಬಹುದು. ಆದರೆ ಜಾಗ ಇಳಿಜಾರು. ಅತ್ತೆಯವರು ಆಗಲೇ ದಣಿದಿದ್ದರೆ ನಿಮ್ಮಲ್ಲೊಬ್ಬರು ಅವರನ್ನು ಕರೆದುಕೊಂಡು ಸೀದಾ ಕೆಳಗಿಳಿದು, ಕಾಂಗ್ರೆಸ್ ನಿಲ್ದಾಣದ ಹತ್ತಿರದ ಹೋಫ್‌ಗಾರ್ಟನ್ ತೋಟದಲ್ಲಿ ಕೂರಲಿ.

ಮ್ಯೂನಿಕ್‌ನಿಂದ ರೈಲು ಒಂದೂಮುಕ್ಕಾಲು ಗಂಟೆಯಷ್ಟು. ಏಳೂವರೆ ಹೊತ್ತಿಗೆ ಹೊರಟರೆ ಹತ್ತರ ಸುಮಾರಿಗೆ ಕೆಳ ನಿಲ್ದಾಣದಲ್ಲಿರುತ್ತೀರಿ. ರೈಲ್ವೆ ಸ್ಟೇಷನ್ನಿಂದ ಅಲ್ಲಿಗೆ ಹದಿನೈದು ಇಪ್ಪತ್ತು ನಿಮಿಷದ ಸಮತಟ್ಟು ನಡಿಗೆ. ಶನಿವಾರ, ಭಾನುವಾರ ಬೇಡ, ಸಾಲು ಉದ್ದ ಇರುತ್ತದೆ. ಹಾಫೆಲೆಕಾರ್‌ನಿಂದ ಕೊನೆಯ ಗಾಡಿ ಸಂಜೆ ಐದರ ಆಸುಪಾಸು, ಹತ್ತಿದ ತಕ್ಷಣ ಬೋರ್ಡಿನಲ್ಲಿ ಸಮಯ ನೋಡಿಕೊಳ್ಳಿ. ಟಿಕೆಟ್ ಅಗ್ಗವಲ್ಲ. ಇನ್ಸ್‌ಬ್ರುಕ್ ಕಾರ್ಡ್ ಅಂತ ಒಂದು ದಿನದ ಪಾಸ್ ಸಿಗುತ್ತದೆ. ಅದರಲ್ಲಿ ಬೆಟ್ಟಕ್ಕೆ ಒಮ್ಮೆ ಹೋಗಿ ಬರುವುದು, ಮೃಗಾಲಯ, ಊರಿನ ಬಸ್ಸು, ಮ್ಯೂಸಿಯಂ ಎಲ್ಲ ಸೇರುತ್ತವೆ. ನಿಮ್ಮ ಹಾಗೆ ಇಡೀ ದಿನ ಸುತ್ತುವವರಿಗೆ ಅದೇ ಲಾಭ. ಅತ್ತೆ, ಮಾವನ ಪಾಸ್‌ಪೋರ್ಟ್ ಮೂಲಪ್ರತಿಯೇ ಕೈಯಲ್ಲಿರಲಿ, ಜೆರಾಕ್ಸ್ ಸಾಲದು. ಜರ್ಮನಿಗೆ ಮರಳುವಾಗ ರೈಲಿನಲ್ಲಿ ಪೊಲೀಸರು ಕೇಳುವುದುಂಟು.

ಅಷ್ಟು ದೂರ ಹೋದ ಮೇಲೆ ಗಾಳಿಗೆ ಗಾಡಿ ನಿಂತಿದೆ ಅಂತ ಗೊತ್ತಾದರೆ? ಆಗ ಆ ಪಾಸ್ ಕೊಳ್ಳುವ ಆತುರ ಬೇಡ. ಹುಂಗರ್‌ಬುರ್ಗ್‌ವರೆಗಿನ ರೈಲು ಹಳಿಯ ಮೇಲೆ ಓಡುವುದರಿಂದ ಗಾಳಿಗೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಮಾತ್ರ ಟಿಕೆಟ್ ತೆಗೆದುಕೊಂಡು ಹೋಗಿ, ಇಳಿಯುವಾಗ ಮೃಗಾಲಯ ನೋಡಿ. ಮಧ್ಯಾಹ್ನ ಹೋಫ್‌ಕಿರ್ಖೆ ಇಗರ್ಜಿಗೆ ಹೋಗಿ. ಚಕ್ರವರ್ತಿ ಮೊದಲನೇ ಮಾಕ್ಸಿಮಿಲಿಯನ್‌ನ ಸಮಾಧಿಯ ಸುತ್ತ ಆಳೆತ್ತರ ಮೀರಿದ 28 ಕಂಚಿನ ವಿಗ್ರಹಗಳು ನಿಂತಿವೆ. ಸಮಾಧಿ ಖಾಲಿ, ಅವನನ್ನು ಹೂತದ್ದು ದೂರದ ವೀನರ್ ನಾಯ್‌ಸ್ಟಾಟ್‌ನಲ್ಲಿ. ಮಧ್ಯಾಹ್ನದ ಮೇಲೆ ಗಾಳಿ ಇಳಿದು ಗಾಡಿ ಶುರುವಾದರೂ ಆಗಬಹುದು. ಮೂರು ಗಂಟೆಯೊಳಗೆ ಶುರುವಾದರೆ ಸೀಗ್ರೂಬೆಯವರೆಗೆ ಮಾತ್ರ ಹೋಗಿ ಬನ್ನಿ. ಅದಕ್ಕಿಂತ ತಡವಾದರೆ ಬೇಡ, ಇನ್ನೊಂದು ದಿನ ಬರಲು ಮ್ಯೂನಿಕ್ ಹತ್ತಿರದಲ್ಲೇ ಇದೆ.